16, 13, 7, 3 ವಯಸ್ಸಿನ ಮಕ್ಕಳ ಜೊತೆ 4 ರಾತ್ರಿ ಕಡಲತೀರ: ಗೋಕರ್ಣವೋ, ಹೊನ್ನಾವರವೋ, ಉಡುಪಿ ಕಡೆಯೋ?

ತುಂಬುಮನೆ_ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಾವು 8 ಜನ ಹೊರಟಿದ್ದೇವೆ: ನಾನು, ಯಜಮಾನರು, ಅಮ್ಮ (68, ಮಂಡಿನೋವು), ತಂಗಿ, ನನ್ನ ಮಗ (16), ಮಗಳು (13), ತಂಗಿಯ ಮಕ್ಕಳು (7 ಮತ್ತು 3). ಬೆಂಗಳೂರಿನಿಂದ ಹೊರಟು 4 ರಾತ್ರಿ ಸಮುದ್ರದ ಹತ್ತಿರ ಇರಬೇಕು. ಡಿಸೆಂಬರ್ ರಜೆ ಅಥವಾ ಏಪ್ರಿಲ್ ಕೊನೆ, ಎರಡರಲ್ಲಿ ಒಂದು.

ಮಗನಿಗೆ ಗೋಕರ್ಣವೇ ಆಗಬೇಕು. ತಂಗಿಗೆ ಚಿಕ್ಕವರು ಆಡುವಂಥ ಸುರಕ್ಷಿತ ಜಾಗ ಬೇಕು. ಅಮ್ಮನಿಗೆ ಒಂದು ದೇವಸ್ಥಾನವಾದರೂ ಆಗಬೇಕು. ಎಲ್ಲಿ ಉಳಿದರೆ ಎಲ್ಲರಿಗೂ ಸರಿ? ಮಗ ಈಜುಕೊಳದಲ್ಲಿ ಚೆನ್ನಾಗಿ ಈಜುತ್ತಾನೆ, ಅವನನ್ನು ಸಮುದ್ರಕ್ಕೆ ಎಷ್ಟು ದೂರ ಬಿಡಬಹುದು? ಚಿಕ್ಕವರ ಊಟ, ಔಷಧಿಯ ಬಗ್ಗೆಯೂ ತಿಳಿದವರು ಹೇಳಿ.

ಶರಾವತಿ_ತೀರ

ಮೊದಲು ತಿಂಗಳು. ಎರಡರಲ್ಲಿ ಡಿಸೆಂಬರ್ ಹಿಡಿಯಿರಿ, ಆದರೆ 24ರಿಂದ ಜನವರಿ 1ರವರೆಗಿನ ವಾರ ಬಿಟ್ಟು. ಆ ವಾರ ರೂಮಿನ ಬಾಡಿಗೆಯೂ ಏರುತ್ತದೆ, ತೀರದಲ್ಲಿ ಮಗುವಿನ ಮೇಲೆ ಕಣ್ಣಿಡುವುದೂ ಕಷ್ಟ. ಏಪ್ರಿಲ್ ಕೊನೆಯಲ್ಲಿ ಕರಾವಳಿಯ ಸೆಕೆಗೆ 3 ವರ್ಷದ ಮಗು ಹಗಲಿಡೀ ಕಿರಿಕಿರಿ ಮಾಡುತ್ತದೆ. ಅದಕ್ಕಿಂತ ಮುಖ್ಯ, ಏಪ್ರಿಲ್–ಮೇ ತಿಂಗಳಲ್ಲಿ ದಕ್ಷಿಣದ ದೂರ ಸಾಗರದಲ್ಲಿ ಎದ್ದ ಉಬ್ಬಲೆಗಳು ಸಾವಿರಾರು ಕಿಲೋಮೀಟರ್ ದಾಟಿ ನಮ್ಮ ಕರಾವಳಿಗೂ ಬರುತ್ತವೆ. ಕೇರಳದವರು ಇದಕ್ಕೆ ಕಳ್ಳಕಡಲು ಅನ್ನುತ್ತಾರೆ. ಗಾಳಿ ಇಲ್ಲ, ಮೋಡ ಇಲ್ಲ, ಆದರೂ ನೀರು ಇದ್ದಕ್ಕಿದ್ದಂತೆ ಏರುತ್ತದೆ. ಆ ಕಾಲದಲ್ಲಿ ಹೋಗಲೇಬೇಕಾದರೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆಗಳ ಮುನ್ಸೂಚನೆಯನ್ನು ದಿನಾ ನೋಡಿ.

ಈಗ ಜಾಗ. ನನ್ನ ಮತ ಹೊನ್ನಾವರದ ಕಾಸರಕೋಡಿಗೆ. ಅಲ್ಲಿನ ಇಕೋ ಬೀಚ್‌ಗೂ ಉಡುಪಿ ಕಡೆಯ ಪಡುಬಿದ್ರಿಗೂ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಹಾಗೆಂದರೆ ಜೀವರಕ್ಷಕರು, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಸಿಹಿನೀರಿನ ಶವರ್ ಇರಲೇಬೇಕು. ಚಿಕ್ಕ ಮಕ್ಕಳ ಪ್ರವಾಸ ಕೆಡುವುದು ಇಂಥವು ಇಲ್ಲದಾಗಲೇ. ಮರಳು ಮೆತ್ತಿದ ಮಗುವಿಗೆ ಅಲ್ಲೇ ಸ್ನಾನ ಮಾಡಿಸುವ ವ್ಯವಸ್ಥೆ ಇದ್ದರೆ ಅರ್ಧ ಜಗಳ ಕಡಿಮೆ.

ಅಲ್ಲಿ ಉಳಿದುಕೊಂಡರೆ ಎಡಕ್ಕೂ ಬಲಕ್ಕೂ ಹೋಗಬಹುದು. ಮುರುಡೇಶ್ವರ ಸುಮಾರು ಮುಕ್ಕಾಲು ಗಂಟೆಯ ದಾರಿ, ರಾಜಗೋಪುರದಲ್ಲಿ ಲಿಫ್ಟ್ ಇರುವುದರಿಂದ ಅಮ್ಮನಿಗೆ ಮೆಟ್ಟಿಲಿನ ಚಿಂತೆ ಇಲ್ಲ. ಇಡಗುಂಜಿ ಗಣಪತಿ ಇನ್ನೂ ಹತ್ತಿರ. ಹೊನ್ನಾವರದ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಲಗೆಯ ಕಾಲುದಾರಿ ಇದೆ, 7 ವರ್ಷದವರಿಗೆ ಅದು ಬಹಳ ಹಿಡಿಸುತ್ತದೆ. ಇಳಿತದ ಹೊತ್ತಿಗೆ, ಅಂದರೆ ನೀರು ಹಿಂದೆ ಸರಿದಾಗ, ಹೋದರೆ ಕೆಸರಿನಲ್ಲಿ ಏಡಿ, ಕಾಂಡ್ಲಾ ಗಿಡದ ಉಸಿರಾಟದ ಬೇರು ಎಲ್ಲ ಕಾಣುತ್ತವೆ. ಭರತದಲ್ಲಿ, ಅಂದರೆ ನೀರು ಏರಿದಾಗ, ಹೋದರೆ ಬರೀ ನೀರು.

ಮಗನ ಗೋಕರ್ಣವನ್ನು ಒಂದು ಹಗಲಿನ ಪ್ರವಾಸ ಮಾಡಿ. ಅಲ್ಲಿ ಕುಡ್ಲೆ ತೀರಕ್ಕೂ ಓಂ ತೀರಕ್ಕೂ ಮೆಟ್ಟಿಲು, ಇಳಿಜಾರು ಇವೆ. ಹಾಫ್ ಮೂನ್, ಪ್ಯಾರಡೈಸ್ ತೀರಗಳಿಗೆ ಗುಡ್ಡದ ಕಾಲುದಾರಿ, ಇಲ್ಲವೇ ದೋಣಿ. ಅಮ್ಮನ ಮಂಡಿಗೂ 3 ವರ್ಷದವರಿಗೂ ಅದು ಉಳಿಯುವ ಜಾಗವಲ್ಲ, ಹದಿಹರೆಯದವರಿಗೆ ನಡೆಯುವ ಜಾಗ. ಯಜಮಾನರು ದೊಡ್ಡ ಮಕ್ಕಳಿಬ್ಬರನ್ನು ಕರೆದುಕೊಂಡು ಬೆಳಿಗ್ಗೆ 7ಕ್ಕೆ ಹೊರಡಲಿ, ಉಳಿದವರು ಕಾಸರಕೋಡಿನಲ್ಲೇ ಇರಲಿ. ಎಲ್ಲರೂ ಎಲ್ಲ ಕಡೆಗೂ ಹೋಗಲೇಬೇಕೆಂಬ ಹಟವೇ ಇಂಥ ಪ್ರವಾಸಗಳನ್ನು ಹಾಳು ಮಾಡುವುದು.

ಪ್ರಯಾಣಕ್ಕೆ ಪಂಚಗಂಗಾ ಎಕ್ಸ್‌ಪ್ರೆಸ್ ಒಳ್ಳೆಯದು. ಸಂಜೆ ಬೆಂಗಳೂರು ಬಿಟ್ಟು ಸಕಲೇಶಪುರ ಘಾಟಿಯನ್ನು ರಾತ್ರಿ ದಾಟುತ್ತದೆ, ಬೆಳಿಗ್ಗೆ ಹೊನ್ನಾವರ. ಕಾರಿನಲ್ಲಿ ಘಾಟಿ ಇಳಿಯುವಾಗ ಆಗುವ ವಾಂತಿಯ ಕಾಟ ಇರುವುದಿಲ್ಲ. ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಒಂದು ಟಿಕೆಟಿನಲ್ಲಿ 6 ಜನ ಮಾತ್ರ. 5 ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ, 7 ವರ್ಷದ ಮಗುವಿಗೆ ಬರ್ತ್ ಬೇಕಾದರೆ ಪೂರ್ತಿ ದರ. ನಿಮಗೆ ಬೇಕಾಗುವುದು 7 ಬರ್ತ್, ಅಂದರೆ ಎರಡು ಟಿಕೆಟ್. ಅಮ್ಮ, ತಂಗಿ, 7 ವರ್ಷದ ಮಗು ಒಂದೇ ಟಿಕೆಟಿನಲ್ಲಿರಲಿ, ಅಮ್ಮನಿಗೆ ಕೆಳಗಿನ ಬರ್ತ್ ಎಂದು ಗುರುತು ಹಾಕಿ. ಹೊನ್ನಾವರದಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ. ಹಿಂದಿನ ನಿಲ್ದಾಣ ಬಿಡುತ್ತಿದ್ದಂತೆ ಚೀಲಗಳು ಬಾಗಿಲ ಬಳಿ, ಮಗು ಎತ್ತಿಕೊಂಡವರು ಮೊದಲು ಇಳಿಯಬೇಕು. ರೂಮು ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೆ ಸಿಗುವುದರಿಂದ, ಬೆಳಿಗ್ಗೆಯೇ ಒಂದಾದರೂ ಕೋಣೆ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ ಒಪ್ಪಿಸಿಕೊಳ್ಳಿ.

ಅಲೆಗಾರ

ಜಾಗದ ಬಗ್ಗೆ ಶರಾವತಿ_ತೀರ ಹೇಳಿದ್ದು ಸರಿ. ನಾನು ನೀರಿನ ಬಗ್ಗೆ ಮಾತ್ರ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಮಗನಿಗೂ ಓದಿಸಿ.

ಈಜುಕೊಳದಲ್ಲಿ ಈಜು ಬರುವುದಕ್ಕೂ ಸಮುದ್ರದಲ್ಲಿ ಈಜುವುದಕ್ಕೂ ಸಂಬಂಧ ಕಡಿಮೆ. ಕೊಳದಲ್ಲಿ ನೀರು ನಿಂತಿರುತ್ತದೆ, ಹಿಡಿಯಲು ಗೋಡೆ ಇರುತ್ತದೆ. ಸಮುದ್ರದಲ್ಲಿ ಜನರನ್ನು ಒಯ್ಯುವುದು ಅಲೆಯ ಎತ್ತರವಲ್ಲ, ಸೆಳವು. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕು. ಅದು ಮರಳದಿಣ್ಣೆಯಲ್ಲಿ ಎಲ್ಲಿ ತಗ್ಗಿದೆಯೋ ಅಲ್ಲಿ ಸೇರಿಕೊಂಡು ಹೊಳೆಯಂತೆ ಒಳಕ್ಕೆ ಹರಿಯುತ್ತದೆ. ಬಲವಾದ ಸೆಳವು ಒಳ್ಳೆಯ ಈಜುಗಾರನಿಗಿಂತ ವೇಗವಾಗಿರುತ್ತದೆ.

ಅದನ್ನು ಗುರುತಿಸುವುದು ಹೀಗೆ. ನೀರಿಗೆ ಇಳಿಯುವ ಮೊದಲು ಸ್ವಲ್ಪ ಎತ್ತರದ ಜಾಗದಲ್ಲಿ 10 ನಿಮಿಷ ನಿಂತು ನೋಡಿ. ಎಡಕ್ಕೂ ಬಲಕ್ಕೂ ಅಲೆ ಬೆಳ್ಳಗೆ ಒಡೆಯುತ್ತಿರುತ್ತದೆ, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಒಡೆಯುವುದಿಲ್ಲ. ಅಲ್ಲಿ ನೀರಿನ ಬಣ್ಣ ಗಾಢ, ಮೇಲ್ಮೈ ಸುಕ್ಕುಸುಕ್ಕು. ನೊರೆ, ಕಸ, ಕಲಕಿದ ಮರಳು ದಡದಿಂದ ಒಳಕ್ಕೆ ಹೋಗುತ್ತಿರುತ್ತವೆ. ಅದೇ ಸೆಳವು. ಗೊತ್ತಿಲ್ಲದವರು "ಇಲ್ಲಿ ಅಲೆ ಇಲ್ಲ, ಶಾಂತವಾಗಿದೆ" ಎಂದು ಮಕ್ಕಳನ್ನು ಸರಿಯಾಗಿ ಅಲ್ಲೇ ಇಳಿಸುತ್ತಾರೆ.

ಸಿಕ್ಕಿಬಿದ್ದರೆ ದಡದ ಕಡೆಗೆ ಈಜಬಾರದು. ಅಂಗಾತ ತೇಲಬೇಕು, ಒಂದು ಕೈ ಮೇಲೆತ್ತಿ ಬೀಸಬೇಕು. ಸೆಳವು ಕೆಳಕ್ಕೆ ಎಳೆಯುವುದಿಲ್ಲ, ಒಳಕ್ಕೆ ಒಯ್ಯುತ್ತದೆ ಅಷ್ಟೆ. ಅಲೆ ಒಡೆಯುವ ಸಾಲು ದಾಟಿದ ಮೇಲೆ ಅದರ ಬಲ ಇಳಿಯುತ್ತದೆ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಪಕ್ಕಕ್ಕೆ ಸರಿದು, ಅಲೆ ಒಡೆಯುವ ಕಡೆಯಿಂದ ಹೊರಬರಬೇಕು. ಮುಳುಗುವವರು ಬಹುತೇಕ ದಣಿದು ಮುಳುಗುತ್ತಾರೆ. ದಡದಲ್ಲಿದ್ದವರು ಕಾಪಾಡಲು ಹಾರಬಾರದು. ತೇಲುವ ಏನನ್ನಾದರೂ ಎಸೆಯಿರಿ, ಮುಚ್ಚಳ ಬಿಗಿದ ಖಾಲಿ 5 ಲೀಟರ್ ಕ್ಯಾನ್ ಆದರೂ ಸಾಕು, ಜೀವರಕ್ಷಕರನ್ನು ಕೂಗಿ. ತುರ್ತು ಸಂಖ್ಯೆ 112, ಕರಾವಳಿ ಕಾವಲು ಪಡೆಯದು 1554.

ಜೀವರಕ್ಷಕರು ನೆಟ್ಟ ಕೆಂಪು–ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯುವುದು. ಬರೀ ಕೆಂಪು ಬಾವುಟ ಇದ್ದರೆ ಆ ದಿನ ಮರಳಿನಲ್ಲೇ ಆಟ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ 4 ಹೆಣ್ಣುಮಕ್ಕಳು ನೀರುಪಾಲಾದರು. ಅದು ಮಳೆಗಾಲವಲ್ಲ, ಎಲ್ಲರೂ ಹೋಗುವ ಒಳ್ಳೆಯ ಕಾಲವೇ. ಹಾಗಾಗಿ ಸೀಸನ್ ನೋಡಿ ಧೈರ್ಯ ಮಾಡಬೇಡಿ. ಅಳಿವೆಯ ಹತ್ತಿರ, ಅಂದರೆ ನದಿ ಕಡಲು ಸೇರುವಲ್ಲಿ, ಯಾವ ವಯಸ್ಸಿನವರೂ ಇಳಿಯಬಾರದು. ಕಾಸರಕೋಡಿನ ಪಕ್ಕದಲ್ಲೇ ಶರಾವತಿಯ ಅಳಿವೆ ಇದೆ, ನೆನಪಿರಲಿ. ಇಳಿತದಲ್ಲಿ ನದಿ ಮತ್ತು ಕಡಲು ಎರಡೂ ಸೇರಿ ಎಳೆಯುತ್ತವೆ.

ಆಳದ ಲೆಕ್ಕ: 3 ವರ್ಷದವರಿಗೆ ಅವರ ಪಾದ ಮುಳುಗುವಷ್ಟು, 7 ವರ್ಷದವರಿಗೆ ಅವರ ಮಂಡಿಯವರೆಗೆ, 13 ಮತ್ತು 16ರವರಿಗೆ ಅವರ ಸೊಂಟದವರೆಗೆ. ಎದೆಮಟ್ಟದ ನೀರಿನಲ್ಲಿ ಅಲೆ ಬಂದಾಗ ಕಾಲು ನೆಲ ಬಿಡುತ್ತದೆ, ಅಲ್ಲಿಗೆ ಹಿಡಿತ ಹೋಯಿತು. ಚಿಕ್ಕವರಿಬ್ಬರಿಗೂ ಒಬ್ಬೊಬ್ಬ ದೊಡ್ಡವರು, ಕೈಗೆಟಕುವಷ್ಟು ಹತ್ತಿರ, ಫೋನ್ ಚೀಲದಲ್ಲಿ. "ಎಲ್ಲರೂ ನೋಡಿಕೊಳ್ಳುತ್ತಿದ್ದೇವೆ" ಅಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ. 20 ನಿಮಿಷಕ್ಕೊಮ್ಮೆ "ಈಗ ನಿನ್ನ ಸರದಿ" ಎಂದು ಬಾಯಿಬಿಟ್ಟು ಹೇಳಿ ಬದಲಾಯಿಸಿಕೊಳ್ಳಿ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ, ತಲೆ ಹಿಂದಕ್ಕೆ, ಸದ್ದೇ ಇಲ್ಲ.

ಬಟ್ಟೆಯ ಬಣ್ಣವೂ ಮುಖ್ಯ. ನೀಲಿ, ಬಿಳಿ, ಬೂದು ಬಣ್ಣ ನೀರಿನಲ್ಲಿ ಕಾಣುವುದೇ ಇಲ್ಲ. ಎದ್ದು ಕಾಣುವ ಕಿತ್ತಳೆ, ಗುಲಾಬಿ ಅಥವಾ ಗಿಳಿಹಸಿರು ಕೊಳ್ಳಿ.

ತುಂಬುಮನೆ_ಬೆಂಗಳೂರು

ಅಲೆಗಾರ ಅವರೇ, ಮಗನಿಗೆ ಓದಿಸಿದೆ, ಸುಮ್ಮನೆ ಕೂತು ಎರಡು ಸಲ ಓದಿದ. ಒಂದು ಅನುಮಾನ. ಚಿಕ್ಕವರಿಗೆಂದು ಗಾಳಿ ತುಂಬುವ ಟ್ಯೂಬು, ಬಾತುಕೋಳಿ ತೇಲುವೆ ತಂದಿಟ್ಟಿದ್ದೇವೆ. ಅವು ಇದ್ದರೆ ಸ್ವಲ್ಪ ನಿಶ್ಚಿಂತೆಯಲ್ಲವೇ?

ಅಲೆಗಾರ

ಅವನ್ನು ರೂಮಿನಲ್ಲೇ ಬಿಡಿ. ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದೆ. ಚಳಿಗಾಲದ ಬೆಳಗಿನಲ್ಲಿ ಗಾಳಿ ಪೂರ್ವದಿಂದ, ಅಂದರೆ ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ. ಗಾಳಿ ತುಂಬಿದ ಟ್ಯೂಬು ನೀರಿನ ಮೇಲೆ ಹಾಯಿಯಂತೆ. ದಡದಲ್ಲಿ ನಿಂತವರಿಗೆ ಬೆನ್ನಿಗೆ ಬೀಸುವ ಆ ತಂಗಾಳಿ ಗೊತ್ತೇ ಆಗುವುದಿಲ್ಲ, ಮಗು ಕೂತ ಬಾತುಕೋಳಿ ಮಾತ್ರ ಸದ್ದಿಲ್ಲದೆ ಒಳಕ್ಕೆ ಹೋಗುತ್ತಿರುತ್ತದೆ. ಅಲೆ ತಾಗಿದರೆ ಮಗುಚಿ, ತಲೆ ಕೆಳಗಾಗಿ ಕಾಲು ಟ್ಯೂಬಿನಲ್ಲಿ ಸಿಕ್ಕಿಕೊಳ್ಳುತ್ತದೆ. ತೋಳಿಗೆ ಕಟ್ಟುವ ಗಾಳಿಪಟ್ಟಿಗಳೂ ಆಟಿಕೆಗಳೇ. ಬೇಕಾದರೆ ಮಗುವಿನ ತೂಕಕ್ಕೆ ಹೊಂದುವ, ಕಾಲುಗಳ ನಡುವೆ ಪಟ್ಟಿ ಇರುವ ಲೈಫ್ ಜಾಕೆಟ್ ಕೊಳ್ಳಿ. ಹಾಕಿದ ಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಗಲ್ಲ, ಕಿವಿಯವರೆಗೆ ಬಂದರೆ ಅದು ಸಡಿಲ.

ಬೆಳಿಗ್ಗೆ 7ರಿಂದ 9:30 ಚಿಕ್ಕವರ ಹೊತ್ತು. ಸೂರ್ಯ ಬೆನ್ನ ಹಿಂದೆ ಇರುತ್ತಾನೆ, ತೆಂಗು ಮತ್ತು ಗಾಳಿಮರಗಳ ನೆರಳು ಮರಳಿನ ಮೇಲೇ ಬೀಳುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದು ಅಲೆ ಒರಟಾಗುತ್ತದೆ, ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ನೀರಿನಲ್ಲಿರುವ ಮಕ್ಕಳು ಬರೀ ಕಪ್ಪು ನೆರಳಾಗಿ ಕಾಣುತ್ತಾರೆ. ಸಂಜೆ ಚಿಕ್ಕವರಿಗೆ ಮರಳಾಟ ಸಾಕು. ಭರತ–ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಅಮಾವಾಸ್ಯೆ–ಹುಣ್ಣಿಮೆಯ ಆಸುಪಾಸು ಏರಿಳಿತ ಹೆಚ್ಚು. ದಿನಾ ಅದನ್ನು ನೋಡಿ ಬರೆದಿಡುವ ಕೆಲಸವನ್ನು ಮಗನಿಗೇ ಕೊಡಿ.

ಮರಳಿನ ಗುಂಡಿಯ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ. ಗುಂಡಿಯ ಆಳ ಅಲ್ಲಿರುವ ಅತಿ ಚಿಕ್ಕ ಮಗುವಿನ ಮಂಡಿ ಮೀರಬಾರದು, ಸುರಂಗವಂತೂ ಬೇಡವೇ ಬೇಡ. ಒದ್ದೆ ಮರಳು ಗಟ್ಟಿಯಾಗಿ ಕಾಣುತ್ತದೆ, ಒಣಗುತ್ತಾ ಬಂದಂತೆ ಒಮ್ಮೆಲೇ ಕುಸಿಯುತ್ತದೆ. ಏಳುವ ಮೊದಲು ಗುಂಡಿ ಮುಚ್ಚಿ.

ನೀಲಿಹಲಗೆ

13 ಮತ್ತು 16ರವರ ಬಗ್ಗೆ. ಅವರಿಗೆ ಬೇಸರ ಬರುವುದು ಸಮುದ್ರದಿಂದಲ್ಲ, ಇಡೀ ದಿನ ಚಿಕ್ಕವರ ಗಡಿಯಾರದಲ್ಲಿ ಬದುಕಬೇಕಾಗುವುದರಿಂದ. ದಿನಕ್ಕೊಂದು ಹೊತ್ತು ಪೂರ್ತಿ ಅವರದಾಗಿರಲಿ, ಮತ್ತು ಅದರಲ್ಲಿ ಏನಾದರೂ ಕಲಿಯುವುದಿರಲಿ.

ಸರ್ಫಿಂಗ್ ಕಲಿಸುವುದಿದ್ದರೆ ಮುಲ್ಕಿ, ಸಸಿಹಿತ್ಲು ಕಡೆ ಹೋಗಬೇಕು. ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದ ತೀರ ಸಸಿಹಿತ್ಲು. ಹೊನ್ನಾವರದಿಂದ ಅದು ದೂರ, 4 ರಾತ್ರಿಯಲ್ಲಿ ಎರಡನ್ನೂ ತುರುಕಬೇಡಿ. ಮಕ್ಕಳಿಬ್ಬರಿಗೂ ಸರ್ಫಿಂಗೇ ಬೇಕೆಂದಾದರೆ ಪಡುಬಿದ್ರಿಯಲ್ಲಿ ಉಳಿಯಿರಿ. ಅದೂ ಬ್ಲೂ ಫ್ಲ್ಯಾಗ್ ತೀರ, ಮುಲ್ಕಿ ಪಕ್ಕದಲ್ಲೇ. ಅಮ್ಮನಿಗೆ ಉಡುಪಿಯ ಕೃಷ್ಣಮಠ, ಚಿಕ್ಕವರಿಗೆ 1901ರ ಕಾಪು ದೀಪಸ್ತಂಭ. ಈ ಮಾತಿನಲ್ಲಿ ಶರಾವತಿ_ತೀರ ಅವರಿಗೂ ನನಗೂ ಭಿನ್ನಾಭಿಪ್ರಾಯ ಇರಬಹುದು, ಆದರೆ ದೊಡ್ಡ ಮಕ್ಕಳು ಖುಷಿಯಾಗಿದ್ದರೆ ಚಿಕ್ಕವರನ್ನು ನೋಡಿಕೊಳ್ಳಲು ತಾವಾಗಿಯೇ ಬರುತ್ತಾರೆ.

ಹೊನ್ನಾವರವೇ ಆದರೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪದ ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿಯುವುದು) ಇದೆ. ದ್ವೀಪ ದಡದಿಂದ ಸುಮಾರು 19 ಕಿ.ಮೀ., ದೋಣಿಯಲ್ಲಿ ಒಂದು ಗಂಟೆಯ ಮೇಲೆ. ಸಾಮಾನ್ಯವಾಗಿ 10 ವರ್ಷ ತುಂಬಿದವರನ್ನು ಕರೆದೊಯ್ಯುತ್ತಾರೆ, ತರಬೇತುದಾರರು ಜೊತೆಗೇ ಇರುತ್ತಾರೆ. ಅಸ್ತಮಾ, ಕಿವಿಯ ತೊಂದರೆ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ, ವೈದ್ಯರನ್ನು ಕೇಳಿ. ಆ ದಿನ ನೆಗಡಿ ಇದ್ದರೆ ಇಳಿಯಲೇಬಾರದು. ಮೂಗು ಕಟ್ಟಿದ್ದರೆ ಕಿವಿಯ ಒಳಗಿನ ಒತ್ತಡ ಸರಿಹೋಗದೆ ತಮಟೆಗೆ ಪೆಟ್ಟಾಗುತ್ತದೆ. ನೀರಿನಡಿ ಉಸಿರು ಹಿಡಿಯಬಾರದು, ಆಡುತ್ತಲೇ ಇರಬೇಕು. ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ: ಡೈವ್ ಮಾಡಿದ ದಿನವೇ ವಿಮಾನ ಹತ್ತಬಾರದು, ಘಾಟಿಯನ್ನೂ ಹತ್ತಬಾರದು. ಮೇಲೇರಿದಂತೆ ಗಾಳಿಯ ಒತ್ತಡ ಇಳಿದು ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗುತ್ತದೆ. ಕನಿಷ್ಠ 18 ಗಂಟೆ ಬಿಡಿ. ಅಂದರೆ ಸ್ಕೂಬಾ ಎರಡನೆಯ ದಿನಕ್ಕೆ ಇಡಿ, ಕೊನೆಯ ದಿನಕ್ಕಲ್ಲ.

ದುಡ್ಡಿಲ್ಲದೆ ಸಿಗುವುದೂ ಇದೆ. ಬೆಳಿಗ್ಗೆ ಕೈರಂಪಣಿ ಬಲೆ (ದಡದಿಂದಲೇ ಹಲವರು ಸೇರಿ ಕೈಯಲ್ಲಿ ಎಳೆಯುವ ದೊಡ್ಡ ಬಲೆ) ಎಳೆಯುವುದು ಕಂಡರೆ ನಾಲ್ಕೂ ಮಕ್ಕಳನ್ನು ಕರೆದೊಯ್ಯಿರಿ. ಎರಡು ಹಗ್ಗಗಳ ನಡುವೆ ನಿಲ್ಲಬಾರದು, ಬಿಗಿದ ಹಗ್ಗ ಕಾಲಿಗೆ ಹೊಡೆಯುತ್ತದೆ. ಬಲೆ ದಡಕ್ಕೆ ಬರುವಾಗ ಒಳಗೆ ಬೆಳ್ಳಿ ಚಿಮ್ಮಿದಂತೆ ಮೀನು ಕುಣಿಯುವುದನ್ನು ನೋಡಲು 13 ವರ್ಷದವರೂ ಫೋನ್ ಕೆಳಗಿಡುತ್ತಾರೆ. ಮುಟ್ಟುವ ಮೊದಲು ಮೀನುಗಾರರನ್ನು ಕೇಳಿ, ಕೆಲವು ಮೀನಿನ ಮುಳ್ಳು ವಿಷ. ಕಾಸರಕೋಡಿನ ಟೊಂಕ ಎಂಬ ಜಾಗದ ತೀರದಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ರಾತ್ರಿ ಆಮೆ ಕಂಡರೆ ಟಾರ್ಚ್, ಫ್ಲ್ಯಾಷ್ ಎರಡೂ ಬೇಡ, ಬೆಳಕಿಗೆ ಅದು ವಾಪಸ್ ಹೋಗಿಬಿಡುತ್ತದೆ.

ಕೋಕಂ_ಸಾರು

ಊಟ, ಔಷಧಿ, ರೂಮು ನನಗೆ ಬಿಡಿ.

ಮೀನು ತಿನ್ನುವವರಾದರೆ ಚಿಕ್ಕವರಿಗೆ ಅಂಜಲ್ ಹೇಳಿ, ಉತ್ತರ ಕನ್ನಡದಲ್ಲಿ ಇಸವಾಣ ಅನ್ನುತ್ತಾರೆ. ನಡುವೆ ಒಂದೇ ದೊಡ್ಡ ಮುಳ್ಳು, ತೆಗೆದರೆ ಆಯಿತು. ಬಂಗುಡೆ, ಬೂತಾಯಿ ರುಚಿ ಹೌದು, ಸಣ್ಣ ಮುಳ್ಳು ಜಾಸ್ತಿ, 3 ವರ್ಷದವರಿಗೆ ಬೇಡ. ಸಿಗಡಿ, ಏಡಿ, ಮಳಿ (ಚಿಪ್ಪಿನ ಮೀನು) ಇವನ್ನು ಮೊದಲ ಸಲ ಪ್ರವಾಸದಲ್ಲಿ ತಿನ್ನಿಸಬೇಡಿ, ಅಲರ್ಜಿ ಇದ್ದರೆ ಗೊತ್ತಾಗುವುದು ಅಲ್ಲೇ. ಸಸ್ಯಾಹಾರಿಗಳಿಗೆ ನೀರುದೋಸೆ, ಕುಚ್ಚಲಕ್ಕಿ ಗಂಜಿ, ತಂಬುಳಿ. ಇವು ಹೊಟ್ಟೆಗೆ ಹಗುರ, ಖಾರವೂ ಇಲ್ಲ. ಬೆಳಿಗ್ಗೆ ನೀರಿಗಿಳಿಯುವ ಮುಂಚೆ ಬನ್ಸ್ ಒಂದೊಂದು ಸಾಕು. ಗೋಕರ್ಣದ ತೀರದಲ್ಲಿ ತಿಂಡಿಯ ಚೀಲ ನೆಲಕ್ಕಿಟ್ಟರೆ ಹಸುಗಳು ಬಂದು ಖಾಲಿ ಮಾಡುತ್ತವೆ, ಕೈಯಲ್ಲೇ ಇರಲಿ.

ಓಆರ್‌ಎಸ್ ಪುಡಿಯ 5 ಪೊಟ್ಟಣ ಇಟ್ಟುಕೊಳ್ಳಿ. 1 ಲೀಟರಿನ ಪೊಟ್ಟಣಕ್ಕೆ ಸರಿಯಾಗಿ 1 ಲೀಟರ್ ಕುದಿಸಿ ಆರಿಸಿದ ನೀರು. ಅರ್ಧ ಪೊಟ್ಟಣ ಅಂದಾಜಿಗೆ ಲೋಟಕ್ಕೆ ಸುರಿಯಬೇಡಿ, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಕಲಸಿದ್ದು 24 ಗಂಟೆ ಮಾತ್ರ. ಡಬ್ಬಿಯಲ್ಲಿ ಸಿಗುವ ಸಿಹಿ ಪೇಯ ಇದಕ್ಕೆ ಬದಲಿಯಲ್ಲ, ಸಕ್ಕರೆ ಜಾಸ್ತಿಯಾಗಿ ಭೇದಿ ಹೆಚ್ಚುತ್ತದೆ.

ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ 50. ಹೊರಡುವ 20 ನಿಮಿಷ ಮೊದಲು ರೂಮಿನಲ್ಲೇ ಹಚ್ಚಿ, 2 ಗಂಟೆಗೊಮ್ಮೆ ಮತ್ತು ನೀರಿನಿಂದ ಬಂದಾಗಲೆಲ್ಲ ಮತ್ತೆ. ಎಲ್ಲರೂ ಮರೆಯುವ ಜಾಗ ಕಿವಿಯ ತುದಿ, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗ. ಚಿಕ್ಕವರಿಗೆ ಉದ್ದ ತೋಳಿನ ಈಜುಡುಗೆ ಹಾಕಿದರೆ ಹಚ್ಚುವ ಕೆಲಸ ಅರ್ಧವಾಗುತ್ತದೆ.

ಜೆಲ್ಲಿ ಫಿಶ್ ತಾಗಿದರೆ ಉಜ್ಜಬಾರದು, ಸಿಹಿನೀರು ಹಾಕಬಾರದು, ಎರಡರಿಂದಲೂ ಉಳಿದ ವಿಷಕೋಶಗಳು ಒಡೆಯುತ್ತವೆ. ಸಮುದ್ರದ ನೀರಲ್ಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟದಿಂದ ಎತ್ತಿ, ಆಮೇಲೆ ತಡೆಯುವಷ್ಟು ಬಿಸಿನೀರಿನಲ್ಲಿ 20 ನಿಮಿಷ ಅದ್ದಿ. ಬಿಸಿ ಎಷ್ಟೆಂದು ದೊಡ್ಡವರು ತಮ್ಮ ಕೈ ಅದ್ದಿ ನೋಡಬೇಕು. ತೊರಕೆ ಮೀನು (ಬಾಲದಲ್ಲಿ ವಿಷಮುಳ್ಳಿರುವ ಚಪ್ಪಟೆ ಮೀನು) ಚುಚ್ಚಿದರೂ ಬಿಸಿನೀರೇ ಮೊದಲ ಉಪಚಾರ, ಆದರೆ ಅದಕ್ಕೆ ಆಸ್ಪತ್ರೆಗೂ ಹೋಗಲೇಬೇಕು, ಮುಳ್ಳಿನ ಚೂರು ಒಳಗೆ ಉಳಿದಿರುತ್ತದೆ. ಅದು ಮರಳಿನಡಿ ಅಡಗಿರುವುದರಿಂದ ನೀರಿನಲ್ಲಿ ಕಾಲು ಎತ್ತಿ ಇಡದೆ ಎಳೆಯುತ್ತಾ ನಡೆಯಲು ಮಕ್ಕಳಿಗೆ ಕಲಿಸಿ. ಉಸಿರಾಟ ಕಷ್ಟವಾದರೆ, ಮುಖ ಊದಿಕೊಂಡರೆ ಇದ್ಯಾವುದನ್ನೂ ಮಾಡುತ್ತಾ ಕೂರಬೇಡಿ, ನೇರ 108.

ರೂಮು ಗೊತ್ತು ಮಾಡುವಾಗ ಕೇಳಬೇಕಾದ್ದು: ಕೋಣೆಗಳು ಅಕ್ಕಪಕ್ಕವೇ, ನೆಲಮಹಡಿಯೇ (ಅಮ್ಮನಿಗಾಗಿ), ತೀರಕ್ಕೆ ಹೋಗಲು ಹೆದ್ದಾರಿ ದಾಟಬೇಕೇ, ಈಜುಕೊಳವಿದ್ದರೆ ಬೇಲಿ ಇದೆಯೇ. ಈ ಕೊನೆಯದನ್ನು ಬಿಡಬೇಡಿ. ಮಧ್ಯಾಹ್ನ ದೊಡ್ಡವರು ಮಲಗಿದಾಗ 3 ವರ್ಷದವರು ಬಾಗಿಲು ತೆರೆದು ಹೋಗುವುದು ಅಲ್ಲಿಗೇ. ಬಾಗಿಲಿಗೆ ಮೇಲಿನ ಚಿಲಕ ಇದೆಯೇ ನೋಡಿ, ಇಲ್ಲದಿದ್ದರೆ ಒಳಗಿನಿಂದ ಒಂದು ಕುರ್ಚಿ ಅಡ್ಡ ಇಡಿ.

ಇನ್ನು ಮರಳು. ಒದ್ದೆ ಮೈಯ ಮರಳು ಒರೆಸಿದರೆ ಹೋಗುವುದಿಲ್ಲ, ಚರ್ಮ ಕೆಂಪಾಗುತ್ತದೆ. ಮೈ ಒಣಗಲು ಬಿಟ್ಟು, ಕಾರ್ನ್‌ಫ್ಲೋರ್ (ಮೆಕ್ಕೆಜೋಳದ ನುಣ್ಣನೆಯ ಬಿಳಿ ಹಿಟ್ಟು) ಅಂಗೈಯಲ್ಲಿ ತೆಗೆದುಕೊಂಡು ಸವರಿ ಝಾಡಿಸಿದರೆ ತಾನಾಗಿ ಉದುರುತ್ತದೆ. ಹಿಟ್ಟನ್ನು ಮುಖದ ಹತ್ತಿರ ಕೊಡವಬೇಡಿ. ರೂಮಿನ ಬಾಗಿಲಲ್ಲಿ ಒಂದು ಬಕೆಟ್ ನೀರು, ಒಂದು ಚೊಂಬು ಇಡಿಸಿಕೊಳ್ಳಿ.

ತುಂಬುಮನೆ_ಬೆಂಗಳೂರು

ಎಲ್ಲರಿಗೂ ಧನ್ಯವಾದ. ಡಿಸೆಂಬರ್ ಎರಡನೆಯ ವಾರ, ಕಾಸರಕೋಡು ಎಂದು ತೀರ್ಮಾನ ಮಾಡಿದ್ದೇವೆ. ಸ್ಕೂಬಾ ಎರಡನೆಯ ದಿನ, ಗೋಕರ್ಣ ಮೂರನೆಯ ದಿನ. ಸಂಜೆ ಜನಜಂಗುಳಿಯಲ್ಲಿ 7 ವರ್ಷದವಳು ತಪ್ಪಿಸಿಕೊಂಡರೆ ಏನು ಮಾಡುವುದು, ಅದೊಂದು ಹೇಳಿ.

ಅಲೆಗಾರ

ತೀರ ತಲುಪಿದ ತಕ್ಷಣ ಅಲುಗಾಡದ ಒಂದು ಗುರುತು ತೋರಿಸಿ: ಜೀವರಕ್ಷಕರ ಗೋಪುರ, ಶೌಚಾಲಯದ ಕಟ್ಟಡ. ನಿಮ್ಮ ಕೊಡೆ, ಚಾಪೆ ಗುರುತಾಗುವುದಿಲ್ಲ. ನೀರಿನಲ್ಲಿ ಆಡುವ ಮಕ್ಕಳು ಅಲೆಯ ಜೊತೆ ಗೊತ್ತಿಲ್ಲದೆ ಪಕ್ಕಕ್ಕೆ ಸರಿಯುತ್ತಾ ಹೋಗಿ, ತಲೆಯೆತ್ತಿ ನೋಡಿದಾಗ ಎದುರಿಗೆ ಬೇರೆಯವರ ಚಾಪೆ ಇರುತ್ತದೆ. ತೋಳಿನ ಒಳಭಾಗದಲ್ಲಿ ಬಾಲ್ ಪೆನ್ನಿನಲ್ಲಿ ಎರಡು ಫೋನ್ ನಂಬರ್ ಬರೆಯಿರಿ, ಅದರ ಮೇಲೆ ಪಾರದರ್ಶಕ ಅಂಟುಪಟ್ಟಿ. ಹೆಸರು ಬೇಡ. ಕಾಣೆಯಾದರೆ ಮೊದಲು ಹುಡುಕಬೇಕಾದ್ದು ನೀರಿನ ಅಂಚು, ಅಂಗಡಿಸಾಲು ಆಮೇಲೆ. ಒಬ್ಬರು ಗುರುತಿನ ಹತ್ತಿರವೇ ನಿಲ್ಲಲಿ, ಒಬ್ಬರು ಜೀವರಕ್ಷಕರ ಬಳಿ ಓಡಿ ಬಟ್ಟೆಯ ಬಣ್ಣ ಹೇಳಲಿ. ಅದಕ್ಕಾಗಿ ದಿನಾ ಬೆಳಿಗ್ಗೆ ಹೊರಡುವ ಮುಂಚೆ ನಾಲ್ಕೂ ಮಕ್ಕಳನ್ನು ನಿಲ್ಲಿಸಿ ಆ ದಿನದ ಬಟ್ಟೆಯಲ್ಲೇ ಒಂದು ಫೋಟೋ ತೆಗೆದಿಡಿ.